ಸಮಾನ ರಕ್ತದವರ ಚಹಾ

"ಇವತ್ತು ಹೇಳ್ತಾರೆ ಮಾರಾಯ್ತಿ. ಪ್ರಾಮಿಸ್ ಮಾಡಿದ್ದಾರೆ," ಎಂದಳು ಉರ್ಸುಲಾ, ಅಬುಧಾಬಿಯ ದಾರಿಯಲ್ಲಿ ಕಾರು ಓಡಿಸುತ್ತ.

"ಹೇಳ್ಲಿಲ್ಲ ಅಂದ್ರೆ?" ಎಂದೆ. ಕೇಳಬಾರದಿತ್ತೇನೋ. ಹಿಂದಿನ ಸೀಟಿನಲ್ಲಿ ಅವಳ ಮಗಳು ವೇರಾ ಇದ್ದಳು.

"ಆಂಟಿ, ಪ್ಲೀಸ್! ಹಿ ವಿಲ್," ಎಂದಳು ವೇರಾ.

ದುಬೈಯ ಮಿರ್ದಿಫ್‌ನಲ್ಲಿ ನಾವು ಅಕ್ಕಪಕ್ಕದ ಮನೆಯವರು. ಉರ್ಸುಲಾ ಮಂಗಳೂರಿನ ಕಡೆಯವಳು, ಆಸ್ಪತ್ರೆಯೊಂದರಲ್ಲಿ ಹೆಡ್ ನರ್ಸ್. ಗಂಡ ಗ್ಲೆಬ್ ರಷ್ಯಾದ ಹಳೆಯ ಚಕ್ರವರ್ತಿ ಮನೆತನದ ಯಾವುದೋ ಸಣ್ಣ ಕವಲಿನವನು. ಸಿಂಹಾಸನ ಹೋಗಿ ನೂರು ವರ್ಷ ದಾಟಿದೆ. ಆದರೂ ಹೊಸ ವಾಚಿನ ಅಂಗಡಿಯವರು 'ಪ್ರಿನ್ಸ್' ಎಂದು ಕರೆದರೆ ಹೋಗಿ ರಿಬ್ಬನ್ ಕತ್ತರಿಸಿ ಬರುತ್ತಾನೆ. ಅಷ್ಟೇ ಅವನ ಕೆಲಸ. ಮನೆ ಉರ್ಸುಲಾಳ ಆಸ್ಪತ್ರೆ ಕೊಟ್ಟದ್ದು. ಅವನ ವೀಸಾಕ್ಕೆ ಸ್ಪಾನ್ಸರ್ ಕೂಡ ಅವಳೇ.

ಆ ಮನೆತನದಲ್ಲೊಂದು ಕಟ್ಟಳೆಯಿದೆಯಂತೆ. ರಾಜರಕ್ತದವರನ್ನೇ ಮದುವೆಯಾಗಬೇಕು. ಇಲ್ಲವಾದರೆ ಹೆಂಡತಿಗೂ ಮಕ್ಕಳಿಗೂ ಬಿರುದಿಲ್ಲ, ವಂಶದಲ್ಲಿ ಜಾಗವಿಲ್ಲ. ಹಾಗಾಗಿ ಪ್ಯಾರಿಸ್ಸಿನ ಸೋದರತ್ತೆಗೆ ಗ್ಲೆಬ್ ತನ್ನ ಮದುವೆಯ ಸುದ್ದಿಯನ್ನೇ ತಿಳಿಸಿರಲಿಲ್ಲ. ಕುಲಗೋತ್ರದ ಮಾತು ನನಗೇನೂ ಹೊಸದಲ್ಲ, ನಾನು ಮೈಸೂರಿನವಳು. ಆದರೂ ಮೊದಲ ಸಲ ಕೇಳಿದಾಗ ಮೈಮೇಲೆ ಹುಳ ಹರಿದಂತಾಗಿತ್ತು. ಇವಳು ನನ್ನ ಮಗಳು ಎಂದು ಆ ಅತ್ತೆಯೆದುರು ಅಪ್ಪ ಒಂದು ಸಲ ಹೇಳಲಿ ಎಂಬುದೇ ವೇರಾಳ ಆಸೆ.

ಆ ಅತ್ತೆ ಈಗ ಅಬುಧಾಬಿಗೆ ಬಂದು ಹೋಟೆಲೊಂದರಲ್ಲಿ ಇಳಿದಿದ್ದಳು. ಗ್ಲೆಬ್ ಬೆಳಿಗ್ಗೆಯೇ ಅಲ್ಲಿಗೆ ಹೋಗಿದ್ದ. ನಾವು ತಲುಪಿದಾಗ ಚಹಾದ ಮೇಜಿನಲ್ಲಿ ಅತ್ತೆಯ ಜೊತೆ ಇನ್ನಿಬ್ಬರು ಮುದುಕರಿದ್ದರು. ನುಸಿಗುಳಿಗೆಯ ವಾಸನೆ, ಅದರ ಮೇಲೆ ಸೆಂಟಿನ ವಾಸನೆ. ಕೇಕಿನ ಕ್ರೀಮ್ ಅಂಟಿದ್ದ ಅತ್ತೆಯ ಬೆರಳುಗಳಿಗೆ ಗ್ಲೆಬ್ ಬಾಗಿ ಮುತ್ತಿಟ್ಟ. ಮೀಸೆಗೆ ಹತ್ತಿದ್ದನ್ನು ನಾಲಿಗೆಯಿಂದ ಸವರಿಕೊಂಡ.

ವೇರಾ ಮುಂದೆ ಹೋಗಿ, ತಾಯಿ ಕಲಿಸಿದಂತೆ ಕೈಜೋಡಿಸಿ, "ಬೆಸಾಂವ್ ದೀ" ಎಂದಳು. ಮಂಗಳೂರಿನ ಕ್ರೈಸ್ತ ಮಕ್ಕಳು ಮನೆಯ ಹಿರಿಯರಲ್ಲಿ ಆಶೀರ್ವಾದ ಕೇಳುವುದು ಹಾಗೆ.

ಮುದುಕಿಗೆ ಅದೇನು ಗೊತ್ತು? ಏನೋ ಬೇಡುತ್ತಿದ್ದಾಳೆಂದುಕೊಂಡಳು. ತಾನು ಕಚ್ಚಿ ಬಿಟ್ಟಿದ್ದ ಕೇಕಿನ ತುಂಡನ್ನು ಆ ಕೈಗಳಲ್ಲಿಟ್ಟು, ಗ್ಲೆಬ್‌ನನ್ನು ಇಂಗ್ಲಿಷಿನಲ್ಲಿ ಕೇಳಿದಳು, "ಯಾರಿವಳು?"

ವೇರಾ ಅಪ್ಪನ ಮುಖವನ್ನೇ ನೋಡುತ್ತಿದ್ದಳು.

"ಮನೆ ನೋಡಿಕೊಳ್ಳುವವಳ ಮಗಳು," ಎಂದ ಗ್ಲೆಬ್. "ತುಂಬ ವಿನಯದ ಹುಡುಗಿ."

ಉರ್ಸುಲಾ ನನ್ನ ತೋಳನ್ನು ಹಿಡಿದ ರಭಸಕ್ಕೆ ಉಗುರು ನಾಟಿತು. ವೇರಾ ಆ ಕೇಕನ್ನು ಅಪ್ಪನ ಚಹಾದೊಳಗೆ ಹಾಕಿ, "ಎಂಜಾಯ್, ಸರ್," ಎಂದು ಹೊರಗೆ ನಡೆದಳು.

ಪಾರ್ಕಿಂಗ್‌ಗೆ ಗ್ಲೆಬ್ ಓಡಿ ಬಂದ. "ಅತ್ತೆ ಇನ್ನೆಷ್ಟು ದಿನ ಇರುತ್ತಾಳೆ ಉರ್ಸುಲಾ? ಆಮೇಲೆ ನಾನೇ ಹಿರಿಯ. ಆಗ ಕಟ್ಟಳೆ ಬದಲಿಸಿದರಾಯಿತು." ಈಗಷ್ಟೇ ಮುತ್ತಿಟ್ಟ ಬಾಯಲ್ಲೇ ಅವಳ ಸಾವಿಗೆ ಕಾಯುತ್ತಿದ್ದ.

"ನೀವು ಹೇಳ್ತೀರಿ ಅಂತ ನಾನೇ ಅವಳನ್ನು ಕರ್ಕೊಂಡು ಬಂದದ್ದು," ಎಂದಳು ಉರ್ಸುಲಾ ಕನ್ನಡದಲ್ಲೇ. ಅವನಿಗೆ ತಿಳಿಯಲಿಲ್ಲ. ತಿಳಿಯಲೆಂದು ಹೇಳಿದ ಹಾಗೂ ಇರಲಿಲ್ಲ.

ವೇರಾ ಮುಂದಿನ ಸೀಟಿನಲ್ಲಿ ಕೂತು, ಟಿಶ್ಯೂವಿನಿಂದ ಅಂಗೈಗಳನ್ನು ತಿಕ್ಕುತ್ತಿದ್ದಳು. ನಾನು ಹಿಂದೆ ಕೂತೆ.

"ನಾನು ಹೇಗೆ ಬರಲಿ?" ಎಂದ ಗ್ಲೆಬ್, ಗಾಜು ತಟ್ಟುತ್ತ.

ಉರ್ಸುಲಾ ಮಗಳ ಬೆಲ್ಟ್ ಸರಿಮಾಡಿ ರಿವರ್ಸ್ ಹಾಕಿದಳು. ಅವನು ಪಕ್ಕಕ್ಕೆ ಸರಿಯಬೇಕಾಯಿತು.