ಬಲ ಮುಂಚಕ್ರದ ಹೊರ ಅಂಚು

ನನ್ನ ಮಗಳಿಗೆ ಧೈರ್ಯ ಸಾಲದು ಎಂದು ಮೊದಲು ಹೇಳಿದವನು ಅವಳ ಅಪ್ಪನೇ. ಒಬ್ಬರ ಬಳಿ ಹೇಳಿ ಸುಮ್ಮನಾದವನೂ ಅಲ್ಲ ಕರ್ಟ್. ರೇಸ್ ಟ್ರ್ಯಾಕಿನಲ್ಲಿ ಪಕ್ಕದ ಕಾರಿನವರಿಗೆ ಹೇಳಿದ, ಚರ್ಚಿನಲ್ಲಿ ಕಾಫಿ ಕುಡಿಯುತ್ತ ಹೇಳಿದ, ಭಾನುವಾರ ತನ್ನ ಅಮ್ಮ ಎಲ್ವೀರಾಳ ಮನೆಯ ಊಟದ ಮೇಜಿನಲ್ಲಿ ಮಗಳು ಬ್ರಿಟಾಳ ಎದುರಿಗೇ ಹೇಳಿದ. "ನೇರ ದಾರೀಲಿ ಇವಳನ್ನ ಹಿಡಿಯೋರಿಲ್ಲ. ತಿರುವು ಬಂತು ಅಂದ್ರೆ ಮುಗೀತು, ಗೋಡೆ ಕಡೆಗೇ ಹೋಗ್ತಾಳೆ." ಬ್ರಿಟಾ ತಲೆ ತಗ್ಗಿಸಿ ಊಟ ಮಾಡಿದಳು. ಮೂರು ಬೇಸಿಗೆ ಹೀಗೇ ಕಳೆಯಿತು.

ನಮ್ಮದು ಅಂಡಾಕಾರದ ಡಾಂಬರು ಟ್ರ್ಯಾಕು, ತಿರುಗುವುದು ಎಡಕ್ಕೆ ಮಾತ್ರ. ಕಾರು ಮನೆಬಳಕೆಯ ಹಳೆಯ ಸೆಡಾನು. ಅದರ ಚೌಕಟ್ಟನ್ನು ಕತ್ತರಿಸಬಾರದು, ಚಕ್ರವನ್ನು ಹಿಡಿದಿರುವ ತೋಳುಗಳು ಚೌಕಟ್ಟಿಗೆ ಸೇರುವ ಜಾಗವನ್ನು ಸರಿಸಬಾರದು ಎಂಬುದು ಇಲ್ಲಿನ ನಿಯಮ. ತೋಳುಗಳನ್ನು ಬದಲಾಯಿಸಲು ಅಡ್ಡಿಯಿಲ್ಲ. ಆ ಕಾರಿನ ಮುಂಭಾಗವನ್ನು ಕರ್ಟ್ ತನ್ನ ಕೈಯಾರೆ ಕಟ್ಟಿದ್ದ. ಅದರ ಬಗ್ಗೆ ಯಾರೂ ಚಕಾರ ಎತ್ತುವಂತಿರಲಿಲ್ಲ.

ಜುಲೈ ಕೊನೆಯ ಸೋಮವಾರ ಅವನು ಗ್ಯಾರೇಜಿನಿಂದ ಒಳಗೆ ಬಂದು ಕೈ ತೊಳೆಯುತ್ತ ಹೇಳಿದ.

"ಈ ಶನಿವಾರ ಒಂದು ನೋಡ್ತೀನಿ ಆರ್ಲಿಸ್. ಆಗ್ಲಿಲ್ಲ ಅಂದ್ರೆ ಸೀಟು ಕೋಲ್ಬಿಗೆ."

ಕೋಲ್ಬಿ ಅವನ ಅಣ್ಣನ ಮಗ.

"ಬ್ರಿಟಾಗೆ ಇಲ್ದೇ ಇರೋದು ಕೋಲ್ಬಿಗೆ ಏನಿದೆ?"

"ಅವನಿಗೆ ಭಯ ಇಲ್ಲ."

"ಬುದ್ಧೀನೂ ಇಲ್ಲ. ಮಾರ್ಚಲ್ಲಿ ಮೀನು ಹಿಡೀತೀನಿ ಅಂತ ಟ್ರಕ್ಕನ್ನ ಹೆಪ್ಪುಗಟ್ಟಿದ ಸರೋವರದ ಮೇಲೆ ನಿಲ್ಸಿ, ಮಂಜುಗಡ್ಡೆ ಒಡೆದು ಮುಳುಗಿಸ್ಕೊಂಡ."

"ಅದೇ ಹೇಳಿದ್ದು. ಹೆದರಲ್ಲ."

ಅವನು ಟವೆಲಿಗೆ ಕೈ ಒರೆಸಿಕೊಂಡು ಟಿವಿ ಮುಂದೆ ಕುಳಿತ. ನಾನು ಅಡುಗೆಮನೆಯಲ್ಲೇ ನಿಂತಿದ್ದೆ. ಮಗಳ ಹೆದರಿಕೆಯ ಬಗ್ಗೆ ಹವಾಮಾನದ ಮಾತಿನಂತೆ ಆಡಿ ಎದ್ದುಹೋಗಬಹುದೆಂದು ಇವನಿಗೆ ಯಾರು ಹೇಳಿಕೊಟ್ಟರು ಎಂದು ಮೈ ಉರಿಯಿತು.

ಆ ಕಾರಿನಲ್ಲಿ ನನ್ನ ಪಾಲಿಗೆ ಬಂದಿದ್ದು ಟಯರು. ಮೈಕೈ ಮಸಿಯಾಗುವ ಕೆಲಸ, ಅದಕ್ಕೇ ಬಂದಿತ್ತು. ಕಾರು ಟ್ರ್ಯಾಕಿನಿಂದ ಹೊರಬಂದ ಕೂಡಲೇ ಪ್ರತಿ ಟಯರಿಗೂ ಒಳ ಅಂಚು, ನಡು, ಹೊರ ಅಂಚು ಎಂದು ಮೂರು ಕಡೆ ಶಾಖಮಾಪಕದ ಸೂಜಿ ಚುಚ್ಚಿ ಬಿಸಿ ನೋಡುವವಳು ನಾನು. ಬಲ ಮುಂಚಕ್ರದ ಹೊರ ಅಂಚು ಯಾವಾಗಲೂ ಸುಡುತ್ತಿತ್ತು, ಒಳ ಅಂಚು ಉಗುರುಬೆಚ್ಚಗೆ. ಟಯರು ರಸ್ತೆಯ ಮೇಲೆ ಪೂರ್ತಿ ಪಾದ ಊರದೆ ಅಂಚಿನಲ್ಲಿ ನಡೆಯುತ್ತಿತ್ತು. ಪ್ರತಿ ಸಲವೂ ಹೇಳಿದ್ದೆ. "ಅವಳು ಹೆದರ್ಕೊಂಡು ಸ್ಟೀರಿಂಗನ್ನ ಅತಿಯಾಗಿ ತಿರುಚ್ತಾಳೆ, ಅದಕ್ಕೇ," ಎಂದು ಪ್ರತಿ ಸಲವೂ ಅವನ ಉತ್ತರ.

ಮರುದಿನ ಅವನು ಮಿಲ್ಲಿಗೂ ಬ್ರಿಟಾ ದಂತವೈದ್ಯರ ಕ್ಲಿನಿಕ್ಕಿಗೂ ಕೆಲಸಕ್ಕೆ ಹೋದ ಮೇಲೆ ನಾನು ಮುಂಭಾಗದ ಸ್ಪ್ರಿಂಗ್ ಬಿಚ್ಚಿ ತೆಗೆದು, ಕೋನ ಅಳೆಯುವ ಉಪಕರಣವನ್ನು ಬಲ ಚಕ್ರಕ್ಕೆ ಅಂಟಿಸಿ, ಜ್ಯಾಕಿನಿಂದ ಚಕ್ರವನ್ನು ಮೇಲಕ್ಕೆ ತಳ್ಳಿದೆ. ಎಡಕ್ಕೆ ತಿರುಗುವಾಗ ಕಾರು ಬಲಕ್ಕೆ ವಾಲುತ್ತದೆ, ಬಲ ಚಕ್ರ ಮೇಲೇರುತ್ತದೆ. ಮೇಲೇರುತ್ತ ಅದರ ನೆತ್ತಿ ಒಳಗೆ ಬಾಗಬೇಕು. ನಮ್ಮದು ಹೊರಗೆ ಬಾಗುತ್ತಿತ್ತು. ಕರ್ಟ್ ಅದನ್ನು ಗ್ಯಾರೇಜಿನ ನೆಲದ ಮೇಲೆ, ಕಾರು ನಿಂತಿರುವಾಗ, ಚೆಂದವಾಗಿ ಒಳಕ್ಕೆ ಬಾಗಿಸಿಟ್ಟು ತೃಪ್ತನಾಗಿದ್ದ. ಓಡುವಾಗ ಏನಾಗುತ್ತದೆ ಎಂದು ಒಮ್ಮೆಯೂ ಎತ್ತಿ ನೋಡಿರಲಿಲ್ಲ. ಮಗಳನ್ನು ಮಾತ್ರ ಎತ್ತಿ ಆಡಿದ್ದ.

ಚಕ್ರದ ನೆತ್ತಿಯನ್ನು ಹಿಡಿದಿರುವ ಮೇಲ್ತೋಳು ಉದ್ದವಾಗಿತ್ತು. ಗಿಡ್ಡದೊಂದನ್ನು ತಂದು ಜೋಡಿಸಿ, ಅದನ್ನು ಚಕ್ರಕ್ಕೆ ಸೇರಿಸುವ ತುದಿಗೆ ಎತ್ತರದ ಗುಂಡುಕೀಲು ಹಾಕಿದೆ. ಚಕ್ರ ಮೇಲೆ ಕೆಳಗೆ ಹೋಗುವಾಗ ತಾನಾಗಿ ಪಕ್ಕಕ್ಕೆ ತಿರುಗದಂತೆ ಸ್ಟೀರಿಂಗ್ ಕಡ್ಡಿಯ ತುದಿಗೆ ಬಿಲ್ಲೆಗಳನ್ನು ಸೇರಿಸಿ, ತೆಗೆದು, ಮತ್ತೆ ಸೇರಿಸಿ ಹೊಂದಿಸಿದೆ. ಎರಡು ದಿನ ಹಿಡಿಯಿತು.

ಕರ್ಟ್ ಬಂದು ಬಗ್ಗಿ ನೋಡಿದ. "ನಿಂತಾಗ ಚಕ್ರ ಒಳಗೆ ಬಾಗಿರೋದು ಕಮ್ಮಿ ಆಯ್ತಲ್ಲ."

"ನಿಂತ್ಕೊಂಡು ಯಾರೂ ರೇಸ್ ಮಾಡಲ್ಲ."

"ಇರ್ಲಿ ಬಿಡು. ಹೆದರಿಕೆ ಬಿಗಿ ಮಾಡೋ ಸ್ಪ್ಯಾನರ್ ಯಾರ ಹತ್ರಾನೂ ಇಲ್ಲ," ಎಂದು ನಕ್ಕ.

ಶನಿವಾರ ಬ್ರಿಟಾ ಎರಡನೆಯವಳಾಗಿ ಬಂದಳು. ತಿರುವಿನಲ್ಲಿ ಕಾರು ಒಳಗೆರೆಗೆ ಅಂಟಿಕೊಂಡೇ ಹೋಯಿತು. ನಾನು ಟಯರಿಗೆ ಸೂಜಿ ಚುಚ್ಚಿದೆ. ಮೂರು ಕಡೆಯೂ ಬಿಸಿ ಹೆಚ್ಚುಕಡಿಮೆ ಒಂದೇ. ಹಿಂದಿನಿಂದ ಕರ್ಟ್ ಪಕ್ಕದವರಿಗೆ ಹೇಳುವುದು ಕೇಳಿಸಿತು. "ಕೊನೆಗೂ ಧೈರ್ಯ ಬಂತು ನೋಡಿ. ಕೋಲ್ಬಿ ಹೆಸರು ಹೇಳಿದ್ದೇ ಮದ್ದಾಯ್ತು."

ಅದನ್ನಾದರೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಬ್ರಿಟಾ ಹೆಲ್ಮೆಟ್ ತೆಗೆದು, ಬೆವರಿನಲ್ಲಿ ಹೊಳೆಯುತ್ತ, ನನ್ನ ಕೈ ಹಿಡಿದಳು.

"ಅಮ್ಮ, ಅಪ್ಪ ಹೇಳ್ತಿದ್ದಿದ್ದೇ ಸರಿ. ನಾನು ಹೆದರ್ತಿದ್ದೆ. ಇವತ್ತು ಆಗಿದ್ದಾಗ್ಲಿ ಅಂತ ತಿರುಗಿಸ್ದೆ, ತಿರುಗ್ತು."

ಆ ಮುಖ ನೋಡಿದರೆ ಸುಮ್ಮನಿರಬೇಕೆನ್ನಿಸುತ್ತಿತ್ತು. ಸುಮ್ಮನಿದ್ದರೆ ನಾಳೆ ಒಂದು ಬೋಲ್ಟು ಸಡಿಲವಾದರೂ ಇವಳು ತನ್ನೊಳಗೇ ಹುಡುಕುತ್ತಾಳೆ. ನಾವು ಹೆಂಗಸರು ಹುಡುಕುವುದೇ ಅಲ್ಲಿ.

"ನೀನು ಯಾವತ್ತೂ ಹೆದರಿಲ್ಲ. ಕಾರು ತಿರುಗ್ತಾ ಇರ್ಲಿಲ್ಲ. ಬಾ ಇಲ್ಲಿ," ಎಂದು ಚಕ್ರದ ಹಿಂದೆ ಕೂರಿಸಿ ತೋಳನ್ನು ತೋರಿಸಿದೆ, ಎಲ್ಲ ಹೇಳಿದೆ.

ಅವಳು ತೋಳಿನ ಮೇಲೆ ಬೆರಳಾಡಿಸಿದಳು. "ಹಾಗಾದ್ರೆ ಹೋದ ವರ್ಷ? ಅದರ ಹಿಂದಿನ ವರ್ಷ?"

"ಆಗ್ಲೂ ಇದೇ ನೀನು."

"ರೇಸಿಗೆ ಮುಂಚೆ ಪ್ರತಿ ಸಲ ಟ್ರಕ್ಕಲ್ಲಿ ಕೂತು ನನ್ನನ್ನೇ ಬೈಕೋತಿದ್ದೆ ಅಮ್ಮ." ಮುಖದ ಹೊಳಪು ಹೋಗಿತ್ತು. ಎದ್ದು ನೇರವಾಗಿ ಅಪ್ಪನ ಬಳಿ ಹೋದಳು.

"ಅಪ್ಪ, ಕಾರು ಸರಿಯಿರ್ಲಿಲ್ಲವಂತೆ."

"ಆಯ್ತಲ್ಲ, ಸೀಟು ನಿಂದೇ. ಇನ್ನೇನು?"

"ಸೀಟು ಕೇಳ್ತಿಲ್ಲ. ಅಜ್ಜಿ ಮನೇಲಿ ಎಲ್ಲರ ಮುಂದೆ ಹೇಳಿದ್ಯಲ್ಲ, ಅಲ್ಲೇ ಈಗ ಇದನ್ನೂ ಹೇಳು."

ಮರುದಿನ ಎಲ್ವೀರಾ ಹ್ಯಾಮ್ ಕತ್ತರಿಸಿ ಬಡಿಸಿದಳು. ಕೋಲ್ಬಿಯೂ ಬಂದಿದ್ದ. ಕರ್ಟ್ ಆಲೂಗಡ್ಡೆಯನ್ನು ತಟ್ಟೆಯ ಈ ಬದಿಯಿಂದ ಆ ಬದಿಗೆ ತಳ್ಳುತ್ತಿದ್ದ.

"ಕಾರಲ್ಲಿ ಏನೋ ಸಣ್ಣ ತೊಂದರೆ ಇತ್ತು," ಎಂದ.

ಬ್ರಿಟಾ ಫೋರ್ಕ್ ಕೆಳಗಿಟ್ಟಳು. "ಎಷ್ಟು ಸಣ್ಣದು?"

ಅವನು ನನ್ನನ್ನು ನೋಡಿದ. ನಾನು ಅವನ ಸಹಾಯಕ್ಕೆ ಹೋಗಲಿಲ್ಲ.

"ತೋಳು ಉದ್ದ ಇತ್ತು. ಹಾಕಿದ್ದು ನಾನು. ಅವಳ ತಪ್ಪೇನೂ ಇರ್ಲಿಲ್ಲ," ಎಂದ ತಟ್ಟೆಗೆ.

"ಮೊದಲೇ ಹೇಳಬಾರದಿತ್ತಾ?" ಎಂದಳು ಎಲ್ವೀರಾ. "ಇವಳಿಗೆ ಧೈರ್ಯ ಕೊಡು ಅಂತ ಇಷ್ಟು ದಿನ ಪ್ರಾರ್ಥನೆ ಮಾಡಿದೆ. ಗೊತ್ತಿದ್ರೆ ಆ ತೋಳಿಗೇ ಮಾಡ್ತಿದ್ದೆ."

ಮೇಜಿನ ಸುತ್ತ ನಗು ಎದ್ದಿತು. ಎಲ್ಲರಿಗಿಂತ ಜೋರಾಗಿ, ಬದುಕಿದೆನೆಂಬಂತೆ, ನಕ್ಕವನು ಕರ್ಟ್. ಬ್ರಿಟಾ ನಗಲಿಲ್ಲ. ನಗು ಪೂರ್ತಿ ಇಳಿಯುವವರೆಗೆ ಕಾದಳು.

"ಇನ್ನೊಂದ್ಸಲ ಹೇಳು ಅಪ್ಪ," ಎಂದಳು. "ನನ್ನನ್ನ ನೋಡ್ಕೊಂಡು ಹೇಳು."