ಬೆಳಗಿನ ನಾಡಿ

ಮಿಡತೆಗೆ ವಾರದಲ್ಲಿ ಸುಮ್ಮನೆ ಕೂರುವ ದಿನ ಅಂತ ಒಂದೂ ಇರಲಿಲ್ಲ.

ಆ ಹೆಸರು ಪಾರ್ಸೆಲ್ ಗೋದಾಮಿನವರು ಇಟ್ಟದ್ದು. ಉದ್ದ ಕಾಲು, ಒಣಕಲು ಮೈ, ಒಂದು ಕಡೆ ನಿಲ್ಲದ ಸ್ವಭಾವ. ಅಲ್ಲಿ ಅವಳು ದಿನಕ್ಕೆ ಎಂಟು ಗಂಟೆ ಬೆಲ್ಟಿನ ಪಕ್ಕ ನಿಂತು, ಜಾರಿ ಬರುವ ಪೆಟ್ಟಿಗೆಗಳನ್ನು ಎತ್ತಿ ಎತ್ತಿ ಗಾಡಿಗೆ ಹಾಕುತ್ತಿದ್ದಳು. ತಾತ್ಕಾಲಿಕ ಕೆಲಸ. ಕಂಪನಿಗೆ ಒಂದು ಕ್ರೀಡಾ ತಂಡವಿತ್ತು. ವರ್ಷಕ್ಕೊಮ್ಮೆ ನಡೆಯುವ, ಓಟ, ಸೈಕಲ್, ಮತ್ತೆ ಓಟ ಎಂಬ ಮೂರು ಹಂತದ ಆಯ್ಕೆ ಸ್ಪರ್ಧೆಯಲ್ಲಿ ಮೊದಲ ಮೂವರೊಳಗೆ ಬಂದವರಿಗೆ ತಂಡದಲ್ಲಿ ಜಾಗ, ಜೊತೆಗೆ ಆಫೀಸಿನಲ್ಲಿ ಕುರ್ಚಿಯ ಮೇಲೆ ಕೂತು ಮಾಡುವ ಕಾಯಂ ಕೆಲಸ. ಇಪ್ಪತ್ತೇಳು ತುಂಬಿದವರಿಗೆ ಪ್ರವೇಶವಿಲ್ಲ. ಈ ವರ್ಷದ ಸ್ಪರ್ಧೆಯ ದಿನಕ್ಕೆ ಮಿಡತೆಗೆ ಇಪ್ಪತ್ತೇಳು ತುಂಬಲು ನಾಲ್ಕು ತಿಂಗಳೂ ಇರಲಿಲ್ಲ. ಇದು ಹೋದರೆ ಮತ್ತೊಂದಿಲ್ಲ.

ಕೋಚ್‌ಗಳು ಇಬ್ಬರು. ಸೋಮವಾರ, ಬುಧವಾರ, ಶುಕ್ರವಾರ ಸಂಜೆ ಓಟದ ಕೋಚ್ ಅವಳನ್ನು ಮೈದಾನ ಸುತ್ತಿಸುತ್ತಿದ್ದ. ಮಿಕ್ಕ ಮೂರು ಸಂಜೆ ಸೈಕಲ್ ಕೋಚ್ ಅವಳನ್ನು ಹೆದ್ದಾರಿಯ ಏರು ಹತ್ತಿಸುತ್ತಿದ್ದ. ಓಟದ ಕೋಚ್‌ನ ಅಕ್ಕನನ್ನು ಸೈಕಲ್ ಕೋಚ್ ಮದುವೆಯಾಗಿದ್ದ. ನಾಲ್ಕು ವರ್ಷದ ಹಿಂದೆ ಒಬ್ಬ ಒಳ್ಳೆಯ ಓಟಗಾರ ಬೂಟು ಬಿಚ್ಚಿಟ್ಟು ಸೈಕಲ್ ಹತ್ತಿದ. ಭಾವ ನನ್ನ ಹುಡುಗನನ್ನು ಕದ್ದ ಎಂದು ಇವನು, ನಿನ್ನ ಕಾಟ ತಡೆಯಲಾರದೆ ಓಡಿಬಂದ ಎಂದು ಅವನು. ಅಂದಿನಿಂದ ಮಾತಿಲ್ಲ. ಒಂದೇ ಮೈದಾನ, ಒಂದೇ ಶೆಡ್ಡು, ಶೆಡ್ಡಿನೊಳಗೆ ಎರಡು ಬೀಗದ ಎರಡು ಕಪಾಟು.

ಮಾತು ಆಡಬೇಕಾದಾಗ ಮಿಡತೆಯ ಮೂಲಕ ಆಡುತ್ತಿದ್ದರು. ತೊಡೆ ಹಿಂಡಿ ಕಳಿಸಿದರೆ ನಾನು ಏನನ್ನು ಓಡಿಸಲಿ ಎಂದು ಭಾವನನ್ನು ಕೇಳು ಅಂತ ಇವನು ಹೇಳಿ ಕಳಿಸುತ್ತಿದ್ದ. ಮೊಣಕಾಲು ಕುಟ್ಟಿ ಪುಡಿ ಮಾಡುವವನಿಗೆ ತೊಡೆಯ ವಿಷಯ ಏನು ಗೊತ್ತು ಅಂತ ಅವನು ಉತ್ತರ ಕೊಡುತ್ತಿದ್ದ. ಮಿಡತೆ ಬೈಗುಳಗಳನ್ನು ಮಾತ್ರ ತಪ್ಪದೆ ತಲುಪಿಸುತ್ತಿದ್ದಳು. ಕೆಲಸಕ್ಕೆ ಬರುವ ಮಾತನ್ನು ನುಂಗುತ್ತಿದ್ದಳು. ಭಾನುವಾರ ಬೆಳಿಗ್ಗೆ ಹಗುರವಾಗಿ ಒಂದು ಗಂಟೆ ಓಡು ಎಂದು ಒಬ್ಬ ಬರೆದುಕೊಟ್ಟಿದ್ದ, ಹಗುರವಾಗಿ ಎರಡು ಗಂಟೆ ಪೆಡಲ್ ತುಳಿ ಎಂದು ಇನ್ನೊಬ್ಬ. ಆ ದಿನ ಇನ್ನೊಬ್ಬ ರಜೆ ಕೊಟ್ಟಿರುತ್ತಾನೆ ಎಂದು ಇಬ್ಬರೂ ನಂಬಿದ್ದರು. ಅವಳು ಎರಡನ್ನೂ ಮಾಡುತ್ತಿದ್ದಳು. ಇಬ್ಬರ ಜಗಳದಿಂದ ತನಗೆ ಒಂದೂವರೆ ಪಟ್ಟು ತರಬೇತಿ ಬಿಟ್ಟಿಯಾಗಿ ಸಿಗುತ್ತಿದೆ ಎಂಬುದು ಅವಳ ಲೆಕ್ಕ. ಗೋದಾಮಿನ ಎಂಟು ಗಂಟೆಯನ್ನು ಮೂವರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಭಾವ ಭಾವಮೈದುನರಿಗೆ ಒಮ್ಮತವಿತ್ತು. ಬೆಳಿಗ್ಗೆ ಎದ್ದ ಕೂಡಲೇ, ಹಾಸಿಗೆಯಿಂದ ಇಳಿಯುವ ಮೊದಲು, ನಾಡಿ ಎಣಿಸಿ ಬರೆಯಬೇಕು. ಮಾಮೂಲಿಗಿಂತ ಏಳು ಹೆಚ್ಚು ಬಂದರೆ ಅಂದು ರಜೆ. ಇಬ್ಬರೂ ವಾರದ ಅಭ್ಯಾಸ ಬರೆದ ಒಂದೊಂದು ನೋಟ್‌ಬುಕ್ ಕೊಟ್ಟಿದ್ದರು, ಓಟಕ್ಕೆ ಕೆಂಪು, ಸೈಕಲ್‌ಗೆ ನೀಲಿ. ಮಿಡತೆಯ ಮಾಮೂಲಿ ನಾಡಿ ಐವತ್ತು. ತರಬೇತಿಯ ಐದನೇ ವಾರದಿಂದ ಅದು ಐವತ್ತೆಂಟು, ಅರವತ್ತು, ಅರವತ್ತೆರಡು ಎಂದು ಏರತೊಡಗಿತು. ಅವಳು ಎರಡರಲ್ಲೂ ಐವತ್ತು ಎಂದು ಬರೆದಳು. ದಿನಾ ಐವತ್ತೇ ಬಂದರೆ ಅನುಮಾನ ಬರುತ್ತದೆಂದು ಮಧ್ಯೆ ನಲವತ್ತೊಂಬತ್ತು, ಐವತ್ತೊಂದು ಸೇರಿಸಿದಳು. ನೀರು ಕುಡಿದಷ್ಟು ಸಲೀಸಾಯಿತು. ಅಷ್ಟರಲ್ಲಿ ಎಡ ಮೊಣಕಾಲಿನ ಕೆಳಗೆ, ಮುಂಭಾಗದ ಮೂಳೆಯ ಮೇಲೆ, ಹೆಬ್ಬೆಟ್ಟಿನಗಲದ ಒಂದು ಜಾಗ ಮುಟ್ಟಿದರೆ ಉರಿಯುತ್ತಿತ್ತು. ಅವಳು ಉದ್ದನೆಯ ಕಾಲುಚೀಲ ಕೊಂಡಳು.

ಕೋಣೆಯಲ್ಲಿ ಎರಡು ಮಂಚ, ನಡುವೆ ಒಂದು ಕಿಟಕಿ. ಇನ್ನೊಂದು ಮಂಚ ಅಕ್ಕನದು. ಅಕ್ಕ ನರ್ಸಿಂಗ್ ಹೋಮಿನಲ್ಲಿ ಆಯಾ. ಹತ್ತು ವರ್ಷದಿಂದ ಕಂಡವರ ಮಣಿಕಟ್ಟು ಹಿಡಿದು ಅಭ್ಯಾಸ. ಸ್ಪರ್ಧೆಗೆ ಒಂಬತ್ತು ದಿನವಿರುವಾಗ, ಬೆಳಿಗ್ಗೆ ಪಾಳಿಗೆ ಹೊರಟವಳು ತಂಗಿ ಮಲಗಿದ ರೀತಿ ನೋಡಿ ನಿಂತಳು. ಬಾಯಿ ತೆರೆದಿತ್ತು, ಕೈ ಮಂಚದಿಂದ ಹೊರಗೆ ಜೋತಿತ್ತು. ಆ ಕೈ ಹಿಡಿದು ಗಡಿಯಾರ ನೋಡಿದಳು. ಅರವತ್ತಾರು. ದಿಂಬಿನ ಪಕ್ಕದ ನೋಟ್‌ಬುಕ್‌ಗಳನ್ನು ತೆಗೆದಳು. ಕೆಂಪಿನಲ್ಲೂ ನೀಲಿಯಲ್ಲೂ ನಾಳೆಯ ಸಂಖ್ಯೆಯನ್ನೂ ಮೊದಲೇ ಬರೆದಾಗಿತ್ತು.

ಮಿಡತೆ ಎದ್ದದ್ದು ಅಕ್ಕ ಪುಟ ಮಗುಚುವ ಸದ್ದಿಗೆ.

"ನನ್ನ ಸಾಮಾನು ಮುಟ್ಬೇಡ ಅಂತ ಎಷ್ಟು ಸಲ ಹೇಳಿದೀನಿ?"

"ನಾಳೆ ಬೆಳಗಿನ ನಾಡಿ ನಿಂಗೆ ಇವತ್ತೇ ಹೇಗೆ ಸಿಕ್ತು?" ಎಂದಳು ಅಕ್ಕ. "ನಮ್ಮಲ್ಲಿ ಹೀಗೆ ಬರೆದ್ರೆ ಮನೆಗೆ ಕಳಿಸ್ತಾರೆ."

"ನಿಮ್ಮಲ್ಲಿ ಮಲಗಿರೋರು ಸಾಯೋರು. ನಾನು ಓಡೋಳು."

ಅಕ್ಕ ನೋಟ್‌ಬುಕ್‌ಗಳನ್ನು ದಿಂಬಿನ ಪಕ್ಕ ಇಟ್ಟು ಪಾಳಿಗೆ ಹೋದಳು. ಸಂಜೆ ಪಾಳಿ ಮುಗಿಸಿ, ನೀಲಿ ಸಮವಸ್ತ್ರದಲ್ಲೇ ಮೈದಾನಕ್ಕೆ ಬಂದಳು. ಶೆಡ್ಡಿನಲ್ಲಿ ಇಬ್ಬರೂ ಕೋಚ್‌ಗಳಿದ್ದರು, ಒಬ್ಬರಿಗೊಬ್ಬರು ಬೆನ್ನು ಹಾಕಿಕೊಂಡು. ಮಿಡತೆ ಆಗಷ್ಟೇ ಎಂಟು ಸುತ್ತು ಓಡಿ ಬಂದು ಬಗ್ಗಿ ನಿಂತಿದ್ದಳು. ಅಕ್ಕ ಯಾರ ಕಡೆಗೂ ತಿರುಗದೆ, ಇವಳ ನಾಡಿ ಬೆಳಿಗ್ಗೆ ಅರವತ್ತಾರು ಇತ್ತು, ಬರೆದಿರುವುದೆಲ್ಲ ಸುಳ್ಳಿನ ಕಂತೆ, ಬೇಕಾದರೆ ಈಗ ಎಣಿಸಿ ಅಂದಳು. ಓಟದ ಕೋಚ್ ನಕ್ಕ. ಓಡಿ ಬಂದವಳ ನಾಡಿ ಎಣಿಸಿದರೆ ನೂರೈವತ್ತೂ ಬರುತ್ತದೆ, ಅದರಿಂದ ಏನು ತಿಳಿಯುತ್ತದೆ ಎಂದ. ನಿಜ ಏನು ಹೇಳು ಎಂದು ಸೈಕಲ್ ಕೋಚ್ ಮಿಡತೆಯ ಮುಖ ನೋಡಿದ.

ಮಿಡತೆಗೆ ಕಣ್ಣ ಮುಂದೆ ಕುರ್ಚಿ ಕಾಣಿಸಿತು. ಆಫೀಸಿನ ಗಾಜಿನಾಚೆ ಇರುವ, ಗಾಲಿ ಇರುವ ಕುರ್ಚಿ.

"ಅಕ್ಕಂಗೆ ಹೊಟ್ಟೆಕಿಚ್ಚು ಸರ್," ಎಂದಳು. "ಅವಳೂ ಶಾಲೆಯಲ್ಲಿ ಓಡ್ತಿದ್ಲು. ಒಂದು ಸಲವೂ ಗೆಲ್ಲಲಿಲ್ಲ. ನಾನು ಗೆದ್ರೆ ಅವಳಿಗೆ ಕೋಣೆ ಬಾಡಿಗೆ ಹಂಚಿಕೊಳ್ಳೋಕೆ ಯಾರೂ ಇರಲ್ಲ, ಅದಕ್ಕೆ."

ಅಕ್ಕನ ಕುತ್ತಿಗೆ ಕೆಂಪಾಯಿತು. ಅವಳು ತಂಗಿಯ ಚೀಲದಿಂದ ಎರಡೂ ನೋಟ್‌ಬುಕ್‌ಗಳನ್ನು ತೆಗೆದು ಬೆಂಚಿನ ಮೇಲೆ ಬಿಚ್ಚಿಟ್ಟಳು. ನಾಲ್ಕು ವರ್ಷದಲ್ಲಿ ಮೊದಲ ಸಲ ಭಾವ ಭಾವಮೈದುನರ ತಲೆಗಳು ಹತ್ತಿರ ಬಂದವು. ಇಬ್ಬರೂ ನಾಡಿ ನೋಡಲಿಲ್ಲ. ಭಾನುವಾರದ ಅಭ್ಯಾಸ ಬರೆದ ಸಾಲು ನೋಡಿದರು.

"ಭಾನುವಾರವೂ ಸೈಕಲ್ ಹತ್ತಿಸ್ತೀರಾ ಭಾವ?"

"ನೀನು ಓಡಿಸ್ತಿದ್ದೀಯಲ್ಲ."

"ನೀವು ಬಿಡಿ, ನಾನು ಬಿಡ್ತೀನಿ."

"ನೀನು ಮೊದಲು ಬಿಡು."

ಮೊದಲು ಬಿಡುವವರು ಯಾರು ಎಂಬುದರ ಮೇಲೆ ಅರ್ಧ ಗಂಟೆ ಹೋಯಿತು. ಹಳೆಯ ಓಟಗಾರನ ಮಾತು ಬಂತು, ಮದುವೆ ದಿನದ ಯಾವುದೋ ಮಾತೂ ಬಂತು. ಕೊನೆಗೆ ಇಬ್ಬರೂ ಮಿಡತೆಯ ಕಡೆ ತಿರುಗಿ, ಯಾರದ್ದನ್ನು ಬಿಡುತ್ತೀಯ ನೀನೇ ಹೇಳು ಎಂದರು. ಯಾರನ್ನು ಬಿಟ್ಟರೂ ಅವನು ಸ್ಪರ್ಧೆಯ ಮುನ್ನಾ ವಾರ ತನ್ನ ಕೈ ಬಿಡುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಎರಡನ್ನೂ ಮಾಡುತ್ತೇನೆ ಅಂದಳು. ಇಬ್ಬರಿಗೂ ಸಮಾಧಾನವಾಯಿತು. ಸೋತವರು ಯಾರೂ ಇಲ್ಲವಲ್ಲ.

ಅಕ್ಕ ಆಗಲೇ ಹೋಗಿದ್ದಳು. ಮರುದಿನ ಅವಳ ಮಂಚದ ಮೇಲೆ ಹಾಸಿಗೆ ಇರಲಿಲ್ಲ. ನರ್ಸಿಂಗ್ ಹೋಮಿನ ಮೇಲಿನ ಮಹಡಿಯಲ್ಲಿ ಆಯಾಗಳಿಗೆ ಒಂದು ಕೋಣೆಯಿತ್ತು. ಮಿಡತೆ ಖಾಲಿ ಮಂಚದ ಮೇಲೆ ಹೆಲ್ಮೆಟ್ಟು, ಬೂಟು ಹರಡಿಕೊಂಡಳು. ಪೀಡೆ ತೊಲಗಿತು ಅಂತ ಗಟ್ಟಿಯಾಗಿಯೇ ಅಂದಳು.

ಸ್ಪರ್ಧೆಯ ದಿನ ಮೊದಲ ಓಟದಲ್ಲಿ ಐದನೆಯವಳಾಗಿ ಬಂದಳು. ಸೈಕಲ್‌ನಲ್ಲಿ ಮೂವರನ್ನು ಹಿಂದಿಕ್ಕಿ ಎರಡನೆಯವಳಾದಳು. ಸೈಕಲ್ ಇಳಿದು ನೆಲಕ್ಕೆ ಎಡಗಾಲು ಊರಿದಾಗ ಉರಿ ತೊಡೆಯವರೆಗೆ ಹತ್ತಿತು. ಇನ್ನು ಎರಡೂವರೆ ಕಿಲೋಮೀಟರ್. ಹಲ್ಲು ಕಚ್ಚಿ ಓಡಿದಳು. ಒಂದೂವರೆಯ ಗುರುತಿನ ಬಳಿ ರಸ್ತೆಯ ಆ ಬದಿಗೆ ಒಬ್ಬ ಕೋಚ್, ಈ ಬದಿಗೆ ಒಬ್ಬ. ಕಾಲೆತ್ತು ಎಂದು ಇವನು, ನಾನು ಗಳಿಸಿಕೊಟ್ಟ ಎರಡು ನಿಮಿಷ ಇವನ ಓಟದಲ್ಲಿ ಕಳೆಯಬೇಡ ಎಂದು ಅವನು. ಇಬ್ಬರ ನಡುವೆಯೇ ಮೂಳೆ ಹೋಯಿತು. ಅವಳು ನಾಲ್ಕು ಹೆಜ್ಜೆ ಮುರಿದ ಕಾಲಿನಲ್ಲೇ ಓಡಿದಳು. ಆಮೇಲೆ ಡಾಂಬರಿಗೆ ಮುಖ ಕೊಟ್ಟು ಬಿದ್ದಳು. ಮೂರನೆಯವಳು, ನಾಲ್ಕನೆಯವಳು ಅವಳನ್ನು ಸುತ್ತುಹಾಕಿ ಹೋದರು. ತಲೆಯ ಮೇಲೆ ಇಬ್ಬರೂ ಕೋಚ್‌ಗಳು ಇದು ಯಾರ ತಪ್ಪು ಎಂದು ಕೂಗಾಡುತ್ತಿದ್ದರು.

ಹತ್ತಿರವಿದ್ದದ್ದು ಅದೇ ನರ್ಸಿಂಗ್ ಹೋಮು. ಮೂಳೆ ಒಂದು ತಿಂಗಳಿಂದ ಬಿರುಕು ಬಿಡುತ್ತಿತ್ತು, ಯಾರೂ ನೋಡಲಿಲ್ಲವೇ ಎಂದು ಡಾಕ್ಟರ್ ಕೇಳಿದ. ಅಕ್ಕ ಸಮವಸ್ತ್ರದಲ್ಲಿ ಬಂದು ಮಣಿಕಟ್ಟು ಹಿಡಿದಳು. ಎಣಿಸಿ ಹಾಳೆಯಲ್ಲಿ ಬರೆದಳು.

"ಅಕ್ಕ," ಎಂದಳು ಮಿಡತೆ.

"ರೋಗಿಯ ಜೊತೆ ಯಾರು ಬಂದಿದ್ದಾರೆ?" ಎಂದು ಅಕ್ಕ ಬಾಗಿಲ ಕಡೆಗೆ ಕೇಳಿದಳು. ಯಾರೂ ಬಂದಿರಲಿಲ್ಲ. ಅದನ್ನೂ ಬರೆದುಕೊಂಡು ಮುಂದಿನ ಮಂಚಕ್ಕೆ ಹೋದಳು.

ಕಾಲು ಹದಿನಾಲ್ಕು ವಾರ ಪ್ಲಾಸ್ಟರ್ ಪಟ್ಟಿಯಲ್ಲಿತ್ತು. ಎರಡನೇ ವಾರ ಗೋದಾಮಿನವರು ಅವಳ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡರು. ಪಟ್ಟಿ ಬಿಚ್ಚುವ ಹೊತ್ತಿಗೆ ಅವಳಿಗೆ ಇಪ್ಪತ್ತೇಳು ತುಂಬಲು ಹನ್ನೆರಡು ದಿನವಿತ್ತು. ಒಟ್ಟು ಹೋದದ್ದು: ಸಿಗಬೇಕಾಗಿದ್ದ ಕೆಲಸ ಒಂದು, ಇದ್ದ ಕೆಲಸ ಒಂದು, ಕೋಚ್‌ಗಳು ಇಬ್ಬರು, ಅಕ್ಕ ಒಬ್ಬಳು.