ಕ್ಯಾಲೆಂಡರಿನ ಗಡ್ಡಿ

ಹನ್ನೊಂದನೆಯ ಕುಣಿಗೆ ಗೊಬ್ಬರ ತುಂಬಿ, ಮೇಲೆ ಮರಳು ಎಳೆದು ಗುರುಬಾಯಿ ಅಂಗೈಯಿಂದ ಒತ್ತುತ್ತಿದ್ದಳು. ಜೋರಾಗಿ ಒತ್ತಿದರೆ ಬೀಜ ಮೇಲೇಳುವುದಿಲ್ಲ. ಸಡಿಲ ಬಿಟ್ಟರೆ ಇರುವೆ ಹೊತ್ತುಕೊಂಡು ಹೋಗುತ್ತವೆ. ಕೂಸಿನ ಬೆನ್ನು ತಟ್ಟಿದಷ್ಟೇ ತಟ್ಟಬೇಕು. ಕುಣಿಗೆ ನಾಲ್ಕು ಕಲ್ಲಂಗಡಿ ಬೀಜ, ಒಂದು ತಂಬಿಗೆ ನೀರು.

ಘತ್ತರಗಿಗೆ ಮೂರು ಮೈಲಿ ಮೇಲೆ, ಭೀಮಾ ನದಿ ಇಳಿದಾಗ ಈ ಮರಳಿನ ಗಡ್ಡಿ ನೀರಿನ ನಡುವೆ ಬೆನ್ನು ತೋರಿಸುತ್ತದೆ. ನಾಲ್ಕು ತಿಂಗಳು ಹೊಳೆಯೊಳಗೆ, ಎಂಟು ತಿಂಗಳು ಹೊರಗೆ. ಹೊಲ ಇಲ್ಲದ ಹನ್ನೆರಡು ಮನೆಯ ಹೆಂಗಸರಿಗೆ ಇದೇ ಹೊಲ. ಹೊಳೆ ಪ್ರತಿ ವರ್ಷ ಬದುಗಳನ್ನು ಅಳಿಸಿಬಿಡುತ್ತದೆ. ಅದಕ್ಕೆ ಅವರು ಪ್ರತಿ ವರ್ಷ ಹನ್ನೆರಡು ಬಳೆಚೂರುಗಳನ್ನು ಒಂದು ಗಡಿಗೆಯಲ್ಲಿ ಹಾಕಿ, ಕಣ್ಣು ಮುಚ್ಚಿ ಒಂದೊಂದಾಗಿ ಎತ್ತುತ್ತಾರೆ. ಮೊದಲು ಬಂದ ಚೂರು ಯಾರ ಬಳೆಯದೋ ಅವರಿಗೆ ಮೇಲಿನ ಪಟ್ಟಿ, ಕೊನೆಗೆ ಉಳಿದವರಿಗೆ ಕೆಳಗಿನ ಪಟ್ಟಿ. ಗಂಡ ಸತ್ತು ಕೈ ಬರಿದಾದ ಮೇಲೂ ಗುರುಬಾಯಿಯ ಹಸಿರು ಚೂರು ಗಡಿಗೆಯಲ್ಲೇ ಉಳಿದಿತ್ತು. ಜಗಳ ಎಂಬುದು ಆ ಗಡಿಗೆಯಿಂದ ಯಾವತ್ತೂ ಹೊರಗೆ ಬಂದಿರಲಿಲ್ಲ.

"ಗುರುಬಾಯಕ್ಕಾ, ಕೈ ತೊಳಕೋ. ಗೌಡ್ರು ಬರಾಕತ್ತಾರ," ಎಂದು ಹರಗೋಲಿನ ಚಂದಪ್ಪ ದಡದಿಂದ ಕೂಗಿದ.

"ಇಲ್ಲಿಗ್ಯಾಕೋ? ಕಲ್ಲಂಗಡಿ ಇನ್ನಾ ಬೀಜದಾಗ ಅದ," ಎಂದಳು ಪಕ್ಕದ ಪಟ್ಟಿಯ ಪೀರಬಿ.

ಅಣ್ಣಾರಾಯಗೌಡ ಹರಗೋಲಿನಿಂದ ಇಳಿದ. ಕಂಕುಳಲ್ಲಿ ಸುರುಳಿ ಸುತ್ತಿದ ಕ್ಯಾಲೆಂಡರು. ಸೊಲ್ಲಾಪುರದ ಅರಿವೆ ಅಂಗಡಿಯವರು ಕೊಟ್ಟದ್ದು. ಬಿಚ್ಚಿ ಹಿಡಿದ. ನೀಲಿ ಸಮುದ್ರ, ನಡುವೆ ಬಿಳಿ ಮರಳಿನ ದ್ವೀಪ. ಏಳು ತೆಂಗಿನ ಮರ. ಅದರಲ್ಲಿ ಒಂದು ನೀರಿನ ಕಡೆ ಬಾಗಿತ್ತು. ಬಾಗಿದ ಮರದ ಕೆಳಗೆ ಎರಡು ಕುರ್ಚಿ, ಒಂದು ಛತ್ರಿ.

"ಇದು ಆಗಬೇಕು," ಎಂದ ಗೌಡ.

"ಏನ್ ಆಗಬೇಕ್ರಿ?"

"ಈ ಗಡ್ಡಿ ಇದು ಆಗಬೇಕು. ಎಂಟು ದಿನದಾಗ."

ವಿಷಯ ಹೀಗಿತ್ತು. ಗೌಡನ ಮಗ ಜಗದೇವಪ್ಪನಿಗೆ ಆಗಷ್ಟೇ ಲಗ್ನವಾಗಿತ್ತು. ಸೊಸೆ ಸುಮಿತ್ರಾ ಸೊಲ್ಲಾಪುರದವಳು, ಬಿ.ಎ. ಓದಿದವಳು. ಗಂಡ ಹೆಂಡತಿ ಇಬ್ಬರೇ ಸಮುದ್ರದ ನಡುವಿನ ದ್ವೀಪಕ್ಕೆ ಹೋಗಿ ಬರೋಣ ಎಂದಿದ್ದಳು. ಹನಿಮೂನು ಅನ್ನುತ್ತಾರಂತೆ.

"ಕಳಸ್ರಲ್ಲಾ ಗೌಡ್ರ, ಹೋಗಿ ಬರ್ಲಿ," ಎಂದಳು ಪೀರಬಿ.

"ಹ್ಯಾಂಗ ಕಳಸಲಿ ಬೇ? ನಮ್ಮ ಮನೆತನದಾಗ ಇಲ್ಲಿತನಕ ಯಾರೂ ಮಂದಿ ನೆಲದ ಮ್ಯಾಲ ಮಲಗಿಲ್ಲ. ಬೀಗರ ಊರಿಗೆ ಹೋದ್ರೂ ಹೊತ್ತು ಮುಳುಗೂದ್ರಾಗ ತಿರುಗಿ ಬರ್ತೀವಿ. ಯಾವನೋ ದ್ವೀಪದಾಗ ಬಾಡಗಿ ಮಂಚದ ಮ್ಯಾಲ ನನ್ನ ಮಗ ಮಲಗಬೇಕೇನು?"

"ಹಂಗಾದ್ರ ಇದು ಯಾರ ನೆಲಾರಿ?"

ಗೌಡ ನಕ್ಕ. "ಇದು ಹೊಳಿ ನೆಲ. ಹೊಳಿ ಊರಿಂದು. ಊರು ಯಾರ್ದು?"

ಗೌಡ ಬೀಜ ಹಾಕಿದ ಕುಣಿಯ ಮೇಲೇ ನಿಂತಿದ್ದ. ಗುರುಬಾಯಿ ಅವನ ಕಾಲಿನ ಜೋಡುಗಳನ್ನೇ ನೋಡುತ್ತಿದ್ದಳು.

"ಎಂಟು ದಿನ ದುಡೀರಿ. ಹುಡುಗ ಹುಡುಗಿ ಬಂದು ಹೋಗ್ಲಿ. ಆಮ್ಯಾಲ ನಿಮ್ಮ ಗಡ್ಡಿ ನಿಮಗ."

ಗುರುಬಾಯಿಯ ಮನೆಯಲ್ಲಿ, ಜೋಳದ ಗಡಿಗೆಯ ತಳದಲ್ಲಿ ಒಂದು ಅರ್ಜಿ ಇತ್ತು. ಮಲಂಗಸಾಬ ಮಾಸ್ತರರ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ವರ್ಷ ಅವಳೇ ಬರೆದದ್ದು. ಗಡ್ಡಿಯನ್ನು ಹನ್ನೆರಡು ಮಂದಿಯ ಹೆಸರಿಗೆ ಬರೆದುಕೊಡಬೇಕು ಎಂದು ಕಲಬುರ್ಗಿಯ ದೊಡ್ಡ ಸಾಹೇಬರಿಗೆ. ಮೂರು ಸಹಿ, ಒಂಬತ್ತು ಹೆಬ್ಬೆಟ್ಟು. ಬರೆದು ಮೂರು ವರ್ಷವಾಗಿತ್ತು. ಕಳಿಸಿರಲಿಲ್ಲ. ಯಾಕೆಂದರೆ ಅದರಲ್ಲಿ ಒಂದು ಖಾಲಿ ಜಾಗ ಇತ್ತು. "ವಿಸ್ತೀರ್ಣ" ಎಂಬ ಮಾತಿನ ಮುಂದೆ.

"ಅಳತಿ ಇಲ್ಲದ ಅರ್ಜಿ ಸೀದಾ ಕಸದ ಬುಟ್ಟಿಗೆ ಹೋಗ್ತದ. ತಲಾಠಿ ಕೈಲೇ ಅಳೆಸ್ರಿ," ಎಂದಿದ್ದರು ಮಾಸ್ತರು.

ಊರಿನ ಜಮೀನಿನ ಲೆಕ್ಕ ಬರೆಯುವ ತಲಾಠಿ ಮೂರು ವರ್ಷವೂ ಒಂದೇ ಮಾತು ಹೇಳಿದ. "ನಾಲ್ಕು ತಿಂಗಳು ನೀರು, ಎಂಟು ತಿಂಗಳು ನೆಲ. ಹೊಳಿ ಅಂತ ಬರೀಲೋ, ಹೊಲ ಅಂತ ಬರೀಲೋ? ನನ್ನ ವಹಿಯಾಗ ಇಂಥಾದ್ದಕ್ಕ ಮನಿಯೇ ಇಲ್ಲ. ಅಲ್ಲಿ ಅಳತಿ ಸರಪಳಿ ಹರವಿದ್ರ ಜಂಗು ಹಿಡೀತದ." ಹೀಗೆ ಸರಕಾರದ ಸರಪಳಿಗೆ ತುಕ್ಕು ಹಿಡಿಯದಿರಲೆಂದು ಹನ್ನೆರಡು ಮನೆಗಳು ಕಾಯ್ದವು. ಹೆಬ್ಬೆಟ್ಟು ಒತ್ತಿದವರಲ್ಲಿ ಗುರಮ್ಮ ಕಾಯುತ್ತಲೇ ಸತ್ತಳು. ಅವಳ ಹೆಬ್ಬೆಟ್ಟು ಜೋಳದ ಗಡಿಗೆಯಲ್ಲಿತ್ತು. ಅವಳ ಕೆಂಪು ಬಳೆಚೂರನ್ನು ಈಗ ಮಗಳು ಎತ್ತುತ್ತಿದ್ದಳು.

ಮರುದಿನದಿಂದ ಕೆಲಸ ಶುರುವಾಯಿತು. ಗಡ್ಡಿಯ ನಡುವೆ ಒಂದು ಗೂಟ ನೆಟ್ಟು ಅದಕ್ಕೆ ಕ್ಯಾಲೆಂಡರು ತೂಗುಹಾಕಿದರು. ಗೌಡ ಒಂದು ಸಲ ಕ್ಯಾಲೆಂಡರು ನೋಡುವುದು, ಒಂದು ಸಲ ಗಡ್ಡಿ ನೋಡುವುದು.

"ಮರಳು ಬೆಳ್ಳಗಿಲ್ಲ."

ಎತ್ತಿನ ಗಾಡಿಯಲ್ಲಿ ಸುಣ್ಣ ಬಂತು. ಹೆಂಗಸರು ಹಿಟ್ಟು ಜರಡಿ ಹಿಡಿದಂತೆ ಸುಣ್ಣ ಜರಡಿ ಹಿಡಿದರು. ಕೆಮ್ಮಿ ಕೆಮ್ಮಿ ಎಲ್ಲರ ಹುಬ್ಬು ಬೆಳ್ಳಗಾಯಿತು.

"ನೀರು ನೀಲಿಗಿಲ್ಲ."

ಬಟ್ಟೆಗೆ ಹಾಕುವ ನೀಲಿ ಎರಡು ಮೂಟೆ ಬಂತು. ಚಂದಪ್ಪ ಹರಗೋಲಿನಲ್ಲಿ ಗಡ್ಡಿಯ ಸುತ್ತ ತಿರುಗುತ್ತ ಎರಚಿದ. ಭೀಮಾ ನದಿ ಅರ್ಧ ತಾಸು ಸಮುದ್ರವಾಗಿ, ಆಮೇಲೆ ನೀಲಿಯನ್ನೆಲ್ಲ ಎತ್ತಿಕೊಂಡು ಘತ್ತರಗಿಯ ಕಡೆ ಹೋಯಿತು. ಅಂದು ಅಲ್ಲಿಯ ದೇವಿ ಗುಡಿಯ ಮುಂದೆ ಮಿಂದ ಭಕ್ತರ ಧೋತರಗಳು ಎಂದೂ ಇಲ್ಲದಷ್ಟು ಹೊಳೆದವಂತೆ. ತಾಯಿಯ ಮಹಿಮೆ ಎಂದು ಇಬ್ಬರು ಮುಡಿ ಕೊಟ್ಟರಂತೆ.

"ಹೊಳಿ ನಿಂದ್ರೂದಿಲ್ರಿ ಗೌಡ್ರ. ಹರೀತದ," ಎಂದ ಚಂದಪ್ಪ.

"ಹಂಗಾದ್ರ ಅವರು ಬರೋ ದಿನ ಹೊತ್ತುಹೊತ್ತಿಗೆ ಎರಚೋ."

ತೆಂಗಿನ ಮರಗಳು ಲಾರಿಯಲ್ಲಿ ಬಂದವು. ಯಾರದೋ ತೋಟದಿಂದ ಬೇರು ಸಮೇತ ಕಿತ್ತವು. ಆರನ್ನು ನೆಟ್ಟಗೆ ನೆಟ್ಟರು. ಏಳನೆಯದನ್ನು ಕ್ಯಾಲೆಂಡರಿನಂತೆ ಓರೆಯಾಗಿ ನೆಟ್ಟರು. ಅದು ಮರಳಿನಲ್ಲಿ ನಿಲ್ಲಲಿಲ್ಲ. ಮತ್ತೆ ನೆಟ್ಟರು. ಮತ್ತೆ ಬಿತ್ತು. ಗೂಟ ಹೊಡೆದು ಹಗ್ಗ ಕಟ್ಟಿದರೆ ಮರ ಗೂಟವನ್ನೂ ಕಿತ್ತುಕೊಂಡು ಮಲಗಿತು.

"ನೆಟ್ಟಗ ನಿಲ್ಲಸೋಣ್ರಿ," ಎಂದಳು ಗುರುಬಾಯಿ.

"ಕ್ಯಾಲೆಂಡರ್‌ದಾಗ ನೆಟ್ಟಗದನೇನು?"

"ಇಲ್ರಿ."

"ಮತ್ತ? ಹಿಂದಿನಿಂದ ಹಗ್ಗ ಹಿಡೀರಿ. ಎಂಟು ಮಂದಿ. ಅವರು ಕುಂತಿರೋತನಕ ಹಿಡೀರಿ."

"ನಾವು ಕಾಣತೇವಲ್ರಿ?"

ಗೌಡ ಕ್ಯಾಲೆಂಡರಿನ ಹತ್ತಿರ ಹೋಗಿ ಬಹಳ ಹೊತ್ತು ನೋಡಿದ. "ಕಾಣಬಾರದು. ಇದರಾಗ ಆಳುಗಳಿಲ್ಲ. ಆ ಎತ್ತರದ ಜೇಕಿನ ಹುಲ್ಲಿನ ಹಿಂದ ಕುಂದರ್ರಿ."

ಎಲೆ ಬಾಡದಂತೆ ಹೆಂಗಸರು ದಿನಕ್ಕೆ ಎರಡು ಹೊತ್ತು ಮರಗಳಿಗೆ ನೀರು ಹೊರಬೇಕಿತ್ತು. ಗುರುಬಾಯಿಯೂ ಪೀರಬಿಯೂ ಕೊಡ ಹೊತ್ತು ಹೋಗುವಾಗ ಸುಣ್ಣದ ಕೆಳಗಿನ ಕುಣಿಗಳು ಎಲ್ಲಿವೆ ಎಂದು ಕಾಲಿನಿಂದಲೇ ತಿಳಿಯುತ್ತಿದ್ದರು. ಅಲ್ಲಿ ಸ್ವಲ್ಪ ಮುಗ್ಗರಿಸುತ್ತಿದ್ದರು. ಒಂದು ತಂಬಿಗೆಯಷ್ಟು ನೀರು ಚೆಲ್ಲುತ್ತಿತ್ತು.

"ಏನ್ ಬೇ, ದಿನಾ ಅಲ್ಲೇ ಎಡವತೀರಿ?" ಎಂದ ಗೌಡ.

"ವಯಸ್ಸಾತ್ರಿ," ಎಂದಳು ಪೀರಬಿ.

ಆರನೆಯ ದಿನ ತಲಾಠಿ ಬಂದ. ಹೆಗಲ ಮೇಲೆ ಸರಪಳಿ. ಗುರುಬಾಯಿ ಕೊಡ ಇಳಿಸಿ ನಿಂತೇಬಿಟ್ಟಳು.

"ಜಂಗು ಹಿಡಿಯೂದಿಲ್ಲೇನ್ರಿ ಸರಪಳಿಗೆ?"

"ಬಾಯಿ ಮುಚ್ಚಿ ಆ ತುದಿ ಹಿಡಿ. ನನ್ನ ಬೂಟು ಹಸಿ ಆಗ್ತಾವ."

ಅವಳು ತುದಿ ಹಿಡಿದು ಮೊಣಕಾಲು ನೀರಿನಲ್ಲಿ ಗಡ್ಡಿಯ ಸುತ್ತ ನಡೆದಳು. ಮೂರು ವರ್ಷ ಬೇಡಿದ ಸರಪಳಿ ಈಗ ಅವಳ ಕೈಯಲ್ಲೇ ಇತ್ತು. ತಲಾಠಿ ಕಾಗದದ ಮೇಲೆ ಲೆಕ್ಕ ಮಾಡಿ ಗೌಡನಿಗೆ ಕೂಗಿ ಹೇಳಿದ. "ಎರಡು ಎಕರೆ ಹದಿನೆಂಟು ಗುಂಟೆ ರೀ ಗೌಡ್ರ!"

ಗುರುಬಾಯಿ ಬಗ್ಗಿ ಬೆರಳಿನಿಂದ ಮರಳಿನ ಮೇಲೆ ಬರೆದಳು. ಅಲೆ ಬಂದು ಅಳಿಸಿತು. ಆದರೇನು, ಆ ಹೊತ್ತಿಗೆ ಅದು ಅವಳ ತಲೆಯೊಳಗೆ ಬಂದಾಗಿತ್ತು.

"ಯಾಕ ಅಳೆದ್ರಿ?" ಎಂದು ಕೇಳಿದಳು.

"ಗೌಡ್ರ ದ್ವೀಪ ಅಲ್ಲೇನು? ವಹಿಯಾಗ ಬರೀಬೇಕಲ್ಲ."

ಎಂಟು ದಿನದ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ಅವಳಿಗೆ ಆಗ ತಿಳಿಯಿತು. ಬಾಯಿ ಮುಚ್ಚಿ ಕೊಡ ಎತ್ತಿಕೊಂಡಳು.

ಒಂಬತ್ತನೆಯ ದಿನ, ಹೊತ್ತು ಇಳಿಯುವಾಗ ಗಂಡ ಹೆಂಡತಿ ಬಂದರು. ಚಂದಪ್ಪನ ಹರಗೋಲಿಗೂ ಸುಣ್ಣ ಬಳಿದಿದ್ದರು. ಇಳಿಯುವ ಹೊತ್ತಿಗೆ ಜಗದೇವಪ್ಪನ ಕರಿ ಪ್ಯಾಂಟಿನ ಹಿಂಭಾಗ ಬೆಳ್ಳಗಾಗಿತ್ತು. ಇಬ್ಬರೂ ಕುರ್ಚಿಗಳಲ್ಲಿ ಕೂತರು. ಅವರ ತಲೆಯ ಮೇಲೆ ತೆಂಗಿನ ಮರ ಬಾಗಿತ್ತು. ಗೌಡ ಸ್ವಲ್ಪ ದೂರದಲ್ಲಿ ಕ್ಯಾಲೆಂಡರು ಹಿಡಿದು, ಒಮ್ಮೆ ಅದನ್ನೂ ಒಮ್ಮೆ ಮಗ ಸೊಸೆಯನ್ನೂ ನೋಡುತ್ತಿದ್ದ.

ಜೇಕಿನ ಹಿಂದೆ ಎಂಟು ಮಂದಿ ಮರಳಿನಲ್ಲಿ ಹಿಮ್ಮಡಿ ಊರಿ ಹಗ್ಗ ಹಿಡಿದಿದ್ದರು. ಏಳು ಹೆಂಗಸರು, ಕೊನೆಯಲ್ಲಿ ಆಗಷ್ಟೇ ಸುತ್ತಲೂ ನೀಲಿ ಎರಚಿ ಬಂದ ಚಂದಪ್ಪ. ಅಂಗೈ ಸುಲಿದಿತ್ತು.

"ಯಾ ಅಲ್ಲಾ, ನನ್ನ ಲಗ್ನದಾಗೂ ನಾ ಇಷ್ಟು ಕಷ್ಟ ಪಟ್ಟಿಲ್ಲ," ಎಂದಳು ಪೀರಬಿ.

"ಸುಮ್ಮಿರು ಬೇ. ನಕ್ಕರ ಹಗ್ಗ ಜಾರ್ತದ," ಎಂದಳು ಗುರುಬಾಯಿ.

ಆ ಕಡೆಯಿಂದ ಸುಮಿತ್ರಾಳ ಮಾತು ಕೇಳಿಸಿತು. "ಇದೇನ್ರೀ, ಕಾಲಾಗ ಏನೋ ಹುಟ್ಯಾವ?"

ಸುಣ್ಣ ಸೀಳಿಕೊಂಡು ಕುರ್ಚಿಯ ಸುತ್ತ ನಾಲ್ಕು ನಾಲ್ಕು ಎಳೆ ಮೊಳಕೆ ಎದ್ದಿದ್ದವು.

"ಹುಲ್ಲಿರಬೇಕು," ಎಂದ ಜಗದೇವಪ್ಪ.

"ಹುಲ್ಲು ಹಿಂಗ ಸಾಲಾಗಿ ಹುಟ್ತದೇನು?"

ಅಷ್ಟರಲ್ಲಿ ತಲಾಠಿ ಜೇಕಿನ ಹಿಂದೆ ಬಂದು ಕೂತ. ಒಂದು ಕೈಯಲ್ಲಿ ಕಾಗದ, ಇನ್ನೊಂದರಲ್ಲಿ ಮಸಿಯ ಡಬ್ಬಿ. "ಎಲ್ಲಾರೂ ಇಲ್ಲೇ ಸಿಕ್ಕೀರಿ, ಚಲೋ ಆತು. ಪಂಚನಾಮಿಗೆ ಹೆಬ್ಬಟ್ಟು ಒತ್ರಿ."

"ಹೆಬ್ಬಟ್ಟು ಕೊಡಬೇಕಂದ್ರ ಹಗ್ಗ ಬಿಡಬೇಕಾಗ್ತದಲ್ರಿ?" ಎಂದ ಚಂದಪ್ಪ.

ತಲಾಠಿ ಯೋಚನೆಗೆ ಬಿದ್ದ. ಗೌಡನ ಕಡೆ ನೋಡಿದ. ಗೌಡ ಮೆಲ್ಲಗೆ ಬಂದು ಹಲ್ಲು ಕಚ್ಚಿ ಹೇಳಿದ. "ಹಗ್ಗಾ ಬಿಡಬ್ಯಾಡ್ರಿ. ಹೆಬ್ಬಟ್ಟೂ ಕೊಡ್ರಿ."

"ಹ್ಯಾಂಗ್ರಿ ಗೌಡ್ರ? ಒಬ್ಬರ ಕೈ ತಗದ್ರೂ ಮರ ಬೀಳ್ತದ," ಎಂದ ಚಂದಪ್ಪ.

"ತಲಾಠಿ, ನೀನೇ ಬೆರಳಿಗೆ ಮಸಿ ಹಚ್ಚಿ ಕಾಗದಾ ತಂದು ಒತ್ತಿಸಕೋ."

ತಲಾಠಿ ಮೊಣಕಾಲೂರಿ ಗುರುಬಾಯಿಯ ಮುಂದೆ ಕಾಗದ ಹಿಡಿದ. ಅವಳ ಹೆಬ್ಬೆರಳು ಹಗ್ಗಕ್ಕೆ ಸುತ್ತಿಕೊಂಡಿತ್ತು. ಅದನ್ನು ಬಿಡಿಸಲು ಹೋದ. ಕಾಗದ ಅವಳ ಮೂಗಿನ ಮುಂದೆಯೇ ಇತ್ತು. ಅವಳು ಅಕ್ಷರ ಕೂಡಿಸಿ ಓದತೊಡಗಿದಳು. ರಾತ್ರಿ ಶಾಲೆಯಲ್ಲಿ ಓದುತ್ತಿದ್ದಂತೆ, ಗಟ್ಟಿಯಾಗಿ, ನಿಧಾನವಾಗಿ.

"ಸದರಿ... ಗಡ್ಡಿಯು... ಎರಡು ಎಕರೆ ಹದಿನೆಂಟು ಗುಂಟೆ... ಇದರಲ್ಲಿ ಯಾರದೂ ಸಾಗುವಳಿ ಇರುವುದಿಲ್ಲ... ಪಾಳು ಬಿದ್ದಿರುತ್ತದೆ... ಅಣ್ಣಾರಾಯಗೌಡರ ಕಬಜಾದಲ್ಲಿ ಇರುತ್ತದೆ ಎಂದು... ನಾವು ಪಂಚರು ಒಪ್ಪಿ..."

"ನಿನಗ ಓದಾಕ ಬರ್ತದೇನು?" ಎಂದ ತಲಾಠಿ.

"ಮೂರು ವರ್ಷ ಆತ್ರಿ."

ಎಂಟೂ ಮಂದಿ ಕುರ್ಚಿಯ ಕಡೆ ನೋಡಿದರು. ಸುಮಿತ್ರಾ ಎದ್ದು ನಿಂತಿದ್ದಳು, ಮೊಳಕೆ ತುಳಿಯದಂತೆ ಕಾಲು ಸರಿಸಿಕೊಂಡು.

"ಪಾಳು ಅಂತ, ಪೀರಬಿ," ಎಂದಳು ಗುರುಬಾಯಿ.

"ಕೇಳಿದೆ ಬೇ."

"ನೋಡ್ರೀ ಅವ್ವಾ!" ಎಂದು ಗುರುಬಾಯಿ ಜೇಕಿನಿಂದ ತಲೆ ಎತ್ತಿ ಕೂಗಿದಳು. ಸುಮಿತ್ರಾ ಬೆಚ್ಚಿ ತಿರುಗಿದಳು. ಕ್ಯಾಲೆಂಡರಿನಲ್ಲಿ ಇಲ್ಲದ ಒಂದು ತಲೆ ಅವಳಿಗೆ ಕಾಣಿಸಿತು. "ಅದು ಹುಲ್ಲಲ್ರಿ. ಕಲ್ಲಂಗಡಿ. ನಾವು ಹಾಕಿದ್ದು. ನೀವಿಬ್ಬರೂ ಒಂದೀಟು ಈ ಕಡೆ ಸರೀರಿ."

"ಯಾಕ?"

"ನಾವು ಹಗ್ಗಾ ಬಿಡ್ತೇವ್ರಿ."

ಸುಮಿತ್ರಾ ಜಗದೇವಪ್ಪನ ತೋಳು ಹಿಡಿದು ಎಳೆದಳು. ಗೌಡ "ಏ! ಏ!" ಎನ್ನುತ್ತ ನೀರಿನ ಕಡೆ ಓಡಿದ. ಎಂಟು ಜೋಡಿ ಕೈ ಒಟ್ಟಿಗೇ ಬಿಚ್ಚಿದವು. ಮರ ಒಂದು ಕ್ಷಣ ಇದೇನು ನಿಜವೇ ಎಂಬಂತೆ ನಿಂತಿತು. ಆಮೇಲೆ ಛತ್ರಿಯನ್ನು, ಎರಡು ಕುರ್ಚಿಗಳನ್ನು ಕೆಳಗೆ ಹಾಕಿಕೊಂಡು ನದಿಗೆ ಬಿತ್ತು. ನೀಲಿ ನೀರು ಹಾರಿ ಗೌಡನ ಬಿಳಿ ರುಮಾಲಿನಿಂದ ಜೋಡಿನ ತನಕ ಮೀಯಿಸಿತು. ಕ್ಯಾಲೆಂಡರು ತೊಯ್ದು ಅವನ ಕೈಯಲ್ಲೇ ಎರಡು ತುಂಡಾಯಿತು.

ಸುಮಿತ್ರಾ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. "ನಾ ಸಮುದ್ರ ನೋಡಬೇಕಂದಿದ್ದೆ ಮಾವಾರ," ಎಂದಳು. "ಮಂದಿ ಹೊಲದಾಗ ಕುಂದರಸ್ರಿ ಅಂದಿರಲಿಲ್ಲ."

"ನಾಳಿಂದ ಯಾವಳಾದ್ರೂ ಈ ಗಡ್ಡಿಗೆ ಕಾಲಿಟ್ರ ನೋಡ್ರಿ!" ಎಂದು ಗೌಡ ಕೂಗಿದ. ನೀಲಿ ಮುಖದ ಮನುಷ್ಯ ಕೂಗಿದರೆ ಹೆದರುವುದು ಕಷ್ಟ. ಆದರೂ ಹೆಂಗಸರಿಗೆ ಗೊತ್ತಿತ್ತು, ನೀಲಿ ಎರಡು ದಿನಕ್ಕೆ ಹೋಗುತ್ತದೆ, ಗೌಡ ಉಳಿಯುತ್ತಾನೆ. ತಲಾಠಿಯ ಕಾಗದದ ಮೇಲೆ ಒಂದೂ ಹೆಬ್ಬೆಟ್ಟು ಬಿದ್ದಿರಲಿಲ್ಲ. ಬೇರೆ ಎಂಟು ಹೆಬ್ಬೆಟ್ಟು ಹುಡುಕಲು ಅವನಿಗೆ ಎಷ್ಟು ದಿನ ಬೇಕಾದೀತು?

ಗುರುಬಾಯಿ ಮರುದಿನ ಬೆಳಿಗ್ಗೆಯೇ ಜೋಳದ ಗಡಿಗೆಗೆ ಕೈ ಹಾಕಿದಳು.

ಊರಿನ ಅಂಚೆಡಬ್ಬಿ ಗೌಡನ ವಾಡೆಯ ಬಾಗಿಲಿಗೇ ತೂಗುಬಿದ್ದಿತ್ತು. ಅದಕ್ಕೆ ಅವಳೂ ಪೀರಬಿಯೂ ಚೌಡಾಪುರಕ್ಕೆ ನಡೆದರು. ಅಂಚೆ ಕಚೇರಿಯ ಕಟ್ಟೆಯ ಮೇಲೆ ಕೂತು ಗುರುಬಾಯಿ ಮಡಿಕೆ ಬಿಚ್ಚಿದಳು. ಜೋಳದ ಧೂಳು ಉದುರಿತು. ಪೀರಬಿ ಒಳಗಿನಿಂದ ಪೆನ್ನು ಕೇಳಿ ತಂದಳು. ಹಗ್ಗ ಸುಲಿದ ಬೆರಳಿಗೆ ಪೆನ್ನು ಉರಿಯುತ್ತಿತ್ತು. ಖಾಲಿ ಜಾಗದಲ್ಲಿ ಬರೆದಳು: ಎರಡು ಎಕರೆ ಹದಿನೆಂಟು ಗುಂಟೆ. ಅದರ ಕೆಳಗೆ, ಯಾರೂ ಹೇಳಿಕೊಡದೆ, ಇನ್ನೊಂದು ಸಾಲು ಸೇರಿಸಿದಳು: ಅಳೆದಾಗ ಸರಪಳಿಯ ಒಂದು ತುದಿ ನಾನೇ ಹಿಡಿದಿದ್ದೆ.

ಪೀರಬಿ ಬೆರಳಿಟ್ಟು ತೋರಿಸಿದಳು. "ತಾರೀಖು ಮೂರು ವರ್ಷದ ಹಿಂದಿಂದು ಅದ ಬೇ. ಹೊಡದು ಹಾಕಿ ಇವತ್ತಿಂದು ಬರಿ."

ಗುರುಬಾಯಿ ಒಂಬತ್ತು ಹೆಬ್ಬೆಟ್ಟುಗಳನ್ನು ನೋಡಿದಳು. ಮೂಲೆಯಲ್ಲಿ ಗುರಮ್ಮನದು ಇತ್ತು. ಸ್ವಲ್ಪ ಜಾರಿದ್ದರೂ ಗೆರೆಗಳೆಲ್ಲ ಕಾಣುತ್ತಿದ್ದವು.

"ಇವತ್ತಿನ ತಾರೀಖಿಗೆ ಗುರಮ್ಮ ಇಲ್ಲ," ಎಂದಳು. "ಆ ತಾರೀಖಿಗೆ ಇದ್ದಳು. ಅದೇ ಇರ್ಲಿ."

ಲಕೋಟೆಗೆ ಅಂಟು ಹಚ್ಚಿ, ಬೀಜದ ಮೇಲೆ ಮರಳು ಒತ್ತಿದಂತೆ ಅಂಗೈಯಿಂದ ಒತ್ತಿದಳು. ಕೆಂಪು ಡಬ್ಬಿಯ ಬಾಯಿಗೆ ಮಣಿಕಟ್ಟಿನ ತನಕ ಕೈ ಹಾಕಿದಳು. ಕಾಗದ ತಳಕ್ಕೆ ಬಿದ್ದ ಸಪ್ಪಳ ಕೇಳಿದ ಮೇಲೆಯೇ ಕೈ ತೆಗೆದಳು.

"ನಡಿ ಪೀರಬಿ," ಎಂದಳು. "ಕುಣಿಗೆ ಇವತ್ತು ನೀರು ಬಿದ್ದಿಲ್ಲ."